ನಾಡುಗಳ ಅಂಟುಚಿತ್ರ: ಒಂದು ಕೈಕೆಲಸದ ಪಾಠ

ಈ ಸಂಚಿಕೆಗೆ ಕೈಕೆಲಸದ ತರಗತಿಯ ಪರವಾಗಿ ಒಂದು ಲೇಖನವನ್ನು ಬರೆದುಕೊಡಬೇಕೆಂದು ಕೇಳಿದಾಗ, ಹೆಣಿಗೆಯನ್ನೋ ಕಸೂತಿಯನ್ನೋ ಕುರಿತು ಬರೆಯೋಣವೆಂದು ಮೊದಲು ಯೋಚಿಸಿದೆವು. ಆದರೆ ಈಚೆಗೆ ನಮ್ಮ ತರಗತಿಯಲ್ಲಿ ನಡೆದ ಒಂದು ಪಾಠವು ಮಕ್ಕಳಿಗಿಂತಲೂ ಹೆಚ್ಚಾಗಿ ನಮಗೇ ಪಾಠವಾದುದರಿಂದ, ಅದನ್ನೇ ತಮ್ಮ ಮುಂದಿಡುತ್ತೇವೆ.

೧. ಪಾಠ ಹುಟ್ಟಿದ ಬಗೆ

ಒಂಬತ್ತನೆಯ ತರಗತಿಯ ಮಕ್ಕಳಿಗೆ ಲೋಕದ ನಾಡುಗಳೆಂಬ ವಿಷಯವನ್ನು ಕೊಟ್ಟು, ತಲಾ ಒಂದೊಂದು ನಾಡಿನ ಅಂಟುಚಿತ್ರವನ್ನು ಮಾಡಿಸಿದ್ದೆವು. ಹಾಲೆಂಡಿಗೆ ಗಾಳಿಗಿರಣಿ, ಜಪಾನಿಗೆ ಬೀಸಣಿಗೆ ಹಿಡಿದ ಹೆಂಗಸು, ಈಜಿಪ್ಟಿಗೆ ಒಂಟೆ ಮತ್ತು ಪಿರಮಿಡ್ಡು, ಆಫ್ರಿಕಕ್ಕೆ ಗುಡಿಸಲು, ಡೋಲು, ಸಿಂಹ, ಹೀಗೆ ಹಾಳೆಗಳು ಬಣ್ಣಬಣ್ಣವಾಗಿ ಬಂದವು. ಕತ್ತರಿಯ ಕೆಲಸವು ಅಚ್ಚುಕಟ್ಟಾಗಿದ್ದುದರಿಂದ ನಾವು ಸಂತೋಷಪಟ್ಟು, ಒಳ್ಳೆಯ ಅಂಕಗಳನ್ನೇ ಕೊಟ್ಟು, ಅವನ್ನೆಲ್ಲ ಗೋಡೆಗೆ ತೂಗುಹಾಕಿದೆವು.

ಅದೇ ತಿಂಗಳಿನಲ್ಲಿ ನಮ್ಮ ಇಬ್ಬರು ವಿದ್ಯಾರ್ಥಿನಿಯರು ಹೊರ ಊರಿನಲ್ಲಿ ನಡೆದ ಮಕ್ಕಳ ಪ್ರದರ್ಶನವೊಂದಕ್ಕೆ ಹೋಗಿದ್ದರು. ಅಲ್ಲಿ ಬೇರೊಂದು ಶಾಲೆಯ ಮಕ್ಕಳು ಕರ್ನಾಟಕದ ಭೂಪಟದ ಮೇಲೆ ದೊಡ್ಡದೊಂದು ಅಂಟುಚಿತ್ರವನ್ನು ಮಾಡಿ ನಿಲ್ಲಿಸಿದ್ದರಂತೆ. ಮೈಸೂರಿಗೆ ಅರಮನೆ, ಮಂಡ್ಯಕ್ಕೆ ಕಬ್ಬಿನ ಜಲ್ಲೆ, ಕೊಡಗಿಗೆ ಕಾಫಿಯ ಹಣ್ಣು. ಚಾಮರಾಜನಗರ ಜಿಲ್ಲೆಯ ಸ್ಥಳದಲ್ಲಿ ಮಾತ್ರ ಕುಂಕುಮ ಸವರಿ ಸೂಜಿ ಚುಚ್ಚಿದ ನಿಂಬೆಹಣ್ಣು. ಅದರ ಪಕ್ಕದಲ್ಲಿ ಬಾಯಿ ತೆರೆದ ಹುಲಿ. ನಮ್ಮ ಮಕ್ಕಳ ಎದೆಯ ಮೇಲಿನ ಬಿಲ್ಲೆಯಲ್ಲಿ ಊರಿನ ಹೆಸರನ್ನು ಓದಿದ ಒಬ್ಬ ಹುಡುಗಿ, “ನೀವು ಮಾಟದ ಕಡೆಯವರಾ?” ಎಂದು ಕೇಳಿ, ನಗುತ್ತ ಎರಡು ಹೆಜ್ಜೆ ಹಿಂದಕ್ಕೆ ಸರಿದಳಂತೆ.

ಆ ಇಬ್ಬರಲ್ಲಿ ಒಬ್ಬಳು ಕೊಳ್ಳೇಗಾಲದ ಕಡೆಯವಳು. ಹಿಂದಿರುಗಿದ ಮೇಲೆ ಅವಳು ಎರಡು ದಿವಸ ಯಾರೊಡನೆಯೂ ಹೆಚ್ಚು ಮಾತಾಡಲಿಲ್ಲ. ಮೂರನೆಯ ದಿವಸ ತರಗತಿಯಲ್ಲಿ ಎದ್ದು ನಿಂತು, “ಮಿಸ್, ನಮ್ಮೂರಲ್ಲಿ ಇರೋದು ಅಷ್ಟೇನಾ? ಆ ಚಿತ್ರ ಮಾಡಿದೋರು ಒಂದು ಸಲವಾದರೂ ನಮ್ಮೂರಿಗೆ ಬಂದಿದ್ದಾರಾ?” ಎಂದು ಕೇಳಿದಳು. ನಾವು ಸಮಾಧಾನದ ಮಾತನ್ನು ಹುಡುಕುತ್ತಿರುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಇನ್ನೊಬ್ಬಳು ಗೋಡೆಯ ಕಡೆಗೆ ಕೈದೋರಿ, “ನಾವು ಆಫ್ರಿಕಕ್ಕೆ ಹೋಗಿದ್ದೆವಾ ಮಿಸ್?” ಎಂದಳು. ತರಗತಿಯು ನಿಶ್ಶಬ್ದವಾಯಿತು. ಆ ಹಾಳೆಗೆ ಹತ್ತರಲ್ಲಿ ಒಂಬತ್ತು ಅಂಕಗಳನ್ನು ಕೊಟ್ಟವರು ನಾವೇ ಆಗಿದ್ದೆವು.

ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಮೈಸೂರು ಬೆಂಗಳೂರುಗಳ ವಿದ್ಯಾರ್ಥಿನಿಲಯಗಳಲ್ಲಿ ಇಂಥ ಮಾತನ್ನು ಕೇಳಿ ನುಂಗಿಕೊಂಡಿರಬಹುದು. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿಯು ಅಧಿಕಾರವನ್ನು ಕಳೆದುಕೊಳ್ಳುವನೆಂಬ ಮೂಢನಂಬಿಕೆಯೂ ಬಹುಕಾಲ ಪ್ರಚಾರದಲ್ಲಿದ್ದು, ಈ ಊರಿನ ಹೆಸರೇ ಒಂದು ಅಪಶಕುನವೆಂಬಂತೆ ಪತ್ರಿಕೆಗಳಲ್ಲಿ ಬರುತ್ತಿದ್ದಿತು. ೨೦೧೩ರಲ್ಲಿ ಮುಖ್ಯಮಂತ್ರಿಗಳಾದ ಸಿದ್ದರಾಮಯ್ಯನವರು ಹಲವು ಬಾರಿ ಇಲ್ಲಿಗೆ ಬಂದು ಹೋಗಿಯೂ ೨೦೧೮ರ ವರೆಗೆ ಐದು ವರ್ಷಗಳ ಅವಧಿಯನ್ನು ಪೂರೈಸಿದರು. ಆದರೂ ಆ ಮಾತು ಪೂರ್ಣವಾಗಿ ಅಳಿದಿಲ್ಲ. ಒಮ್ಮೆ ಅಂಟಿದ ಚೂರನ್ನು ಕೀಳುವುದು ಅಷ್ಟು ಕಷ್ಟ.

೨. ಅಂಟುಚಿತ್ರ, ಪಡಿಯಚ್ಚು

ಕಾಗದ, ಬಟ್ಟೆ, ದಾರ, ಎಲೆ ಮುಂತಾದವುಗಳ ಚೂರುಗಳನ್ನು ಒಂದು ಹಲಗೆಯ ಮೇಲೆ ಜೋಡಿಸಿ ಅಂಟಿಸಿ ಮಾಡುವ ಚಿತ್ರಕ್ಕೆ ಕೊಲಾಜ್ ಎಂದು ಹೆಸರು. ಅಂಟಿಸು ಎಂಬರ್ಥದ ಫ್ರೆಂಚ್ ಮಾತಿನಿಂದ ಈ ಶಬ್ದವು ಬಂದಿದೆ. ೧೯೧೨ರಲ್ಲಿ ಪಿಕಾಸೊ ಮತ್ತು ಬ್ರಾಕ್ ಎಂಬ ಚಿತ್ರಕಾರರು ಇದನ್ನು ಹೊಸ ಕಲೆಯಾಗಿ ಬಳಕೆಗೆ ತಂದರು. ಆದರೆ ಇದಕ್ಕಿಂತ ಬಹಳ ಹಿಂದೆಯೇ ಇಂಗ್ಲೆಂಡಿನ ಮೇರಿ ಡೆಲೇನಿ ಎಂಬಾಕೆ, ೧೭೦೦ರಲ್ಲಿ ಹುಟ್ಟಿದವಳು, ಎಪ್ಪತ್ತು ವಯಸ್ಸು ದಾಟಿದ ಮೇಲೆ ಬಣ್ಣದ ಕಾಗದದ ಚೂರುಗಳಿಂದ ಸಾವಿರಕ್ಕೆ ತುಸು ಕಡಿಮೆ ಹೂಗಿಡಗಳ ಚಿತ್ರಗಳನ್ನು ಮಾಡಿದಳು. ಅವು ಈಗಲೂ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ನಮ್ಮ ದೇಶದಲ್ಲಿ ಶಾಂತಿನಿಕೇತನದ ಬಿನೋದ್ ಬಿಹಾರಿ ಮುಖರ್ಜಿಯವರು ೧೯೫೭ರ ಹೊತ್ತಿಗೆ ಕಣ್ಣಿನ ಬೆಳಕನ್ನು ಸಂಪೂರ್ಣವಾಗಿ ಕಳೆದುಕೊಂಡ ಮೇಲೆ, ಬೆರಳಿನಿಂದಲೇ ತಡವಿ ತಿಳಿದು ಕಾಗದದ ಚೂರುಗಳನ್ನು ಜೋಡಿಸಿ ಚಿತ್ರಗಳನ್ನು ರಚಿಸಿದರು. ನಮ್ಮ ಅಜ್ಜಿಯಂದಿರು ಹಳೆಯ ಸೀರೆಯ ತುಂಡುಗಳನ್ನು ಸೇರಿಸಿ ಹೊಲಿದ ಕೌದಿಯೂ ಈ ಜಾತಿಗೇ ಸೇರಿದುದು. ಇದು ಬಡವರ ಕೈಗೂ ಎಟಕುವ ಕಲೆ. ಇದಕ್ಕೆ ಬೇಕಾದುದು ಕತ್ತರಿ, ಅಂಟು, ಮತ್ತು ನೋಡುವ ಕಣ್ಣು.

ಇನ್ನು ಪಡಿಯಚ್ಚೆಂದರೇನೆಂಬುದನ್ನು ವಿಚಾರಿಸೋಣ. ಹಿಂದೆ ಮುದ್ರಣಾಲಯಗಳಲ್ಲಿ ಸೀಸದ ಮೊಳೆಗಳನ್ನು ಜೋಡಿಸಿದ ಪುಟದ ಪಡಿಯನ್ನು ತೆಗೆದು, ಅದರಲ್ಲಿ ಲೋಹವನ್ನು ಎರೆದು, ಇಡೀ ಪುಟವನ್ನು ಒಂದೇ ಗಟ್ಟಿ ತಗಡಾಗಿ ಮಾಡುತ್ತಿದ್ದರು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಫಿರ್ಮಿನ್ ದಿದೋ ಎಂಬ ಮುದ್ರಕನು ಇದಕ್ಕೆ ಸ್ಟೀರಿಯೋಟೈಪ್ ಎಂಬ ಹೆಸರನ್ನು ಕೊಟ್ಟನು. ಇದರ ಗುಣವೇನೆಂದರೆ, ಒಂದೇ ಪುಟವನ್ನು ಎಷ್ಟು ಸಾವಿರ ಸಲ ಬೇಕಾದರೂ ಅಗ್ಗವಾಗಿ ಅಚ್ಚುಹಾಕಬಹುದು. ದೋಷವೇನೆಂದರೆ, ಮೊಳೆಗಳಲ್ಲಿ ತಿದ್ದಿದಂತೆ ಅದರಲ್ಲಿ ಅಕ್ಷರವನ್ನು ಸುಲಭವಾಗಿ ತಿದ್ದಲಾಗದು, ತಗಡನ್ನೇ ಕೊಯ್ಯಬೇಕು. ೧೯೨೨ರಲ್ಲಿ ಅಮೆರಿಕದ ವಾಲ್ಟರ್ ಲಿಪ್‌ಮನ್ ಎಂಬ ಪತ್ರಿಕಾ ಲೇಖಕನು, ಜನರನ್ನು ಕಾಣುವ ಮೊದಲೇ ಅವರ ವಿಷಯವಾಗಿ ನಮ್ಮ ಮನಸ್ಸಿನಲ್ಲಿ ಎರಕಗೊಂಡಿರುವ ಚಿತ್ರಕ್ಕೆ ಈ ಹೆಸರನ್ನು ಬಳಸಿದನು. ನಮ್ಮ ಕಡೆಯ ಆಲೆಮನೆಯನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಕಬ್ಬು ಬೇರೆ ಬೇರೆ ಹೊಲದ್ದಾದರೂ ಅಚ್ಚಿನಿಂದ ಹೊರಬಿದ್ದ ಬೆಲ್ಲವು ಒಂದೇ ಆಕಾರದ್ದು.

ಮಕ್ಕಳ ಅಂಟುಚಿತ್ರದಲ್ಲಿ ಈ ಅಚ್ಚು ಎಲ್ಲಿಂದ ಬರುತ್ತದೆ? ಪುಸ್ತಕದ ಅಂಗಡಿಯಲ್ಲಿ ಕೆಲವು ರೂಪಾಯಿಗಳಿಗೆ ಸಿಗುವ ಚಿತ್ರಪಟದ ಹಾಳೆಯಿಂದ. ತರಗತಿಯ ನಲವತ್ತು ಮಕ್ಕಳೂ ಅದೇ ಹಾಳೆಯನ್ನು ಕೊಂಡು ಕತ್ತರಿಸಿದರೆ ನಲವತ್ತು ಅಂಟುಚಿತ್ರಗಳೂ ಒಂದೇ ಆಗುತ್ತವೆ. ಹೀಗೆಯೇ ಪರದೇಶದವರು ಬಹುಕಾಲ ಭಾರತವನ್ನು ಹಾವಾಡಿಗ, ಆನೆ, ಮಹಾರಾಜ ಎಂಬ ಮೂರು ಚೂರುಗಳಲ್ಲಿ ಮುಗಿಸಿಬಿಡುತ್ತಿದ್ದರು. ನೈಜೀರಿಯ ದೇಶದ ಲೇಖಕಿ ಚಿಮಮಾಂಡ ಅಡೀಚಿಯವರು ೨೦೦೯ರ ಒಂದು ಭಾಷಣದಲ್ಲಿ ತಮ್ಮ ಅನುಭವವನ್ನು ಹೇಳಿದ್ದಾರೆ. ಅವರು ಅಮೆರಿಕಕ್ಕೆ ಓದಲು ಹೋದಾಗ, ಕೋಣೆಯ ಜೊತೆಗಾತಿಯು ಅವರಿಗೆ ಒಲೆಯನ್ನು ಹೊತ್ತಿಸಲು ಬಾರದೆಂದು ಭಾವಿಸಿದ್ದಳಂತೆ. ಅವರ ಬುಡಕಟ್ಟಿನ ಸಂಗೀತವನ್ನು ಕೇಳಿಸಬೇಕೆಂದಳಂತೆ. ಅವರು ತೆಗೆದು ತೋರಿಸಿದುದು ಅಮೆರಿಕದ ಗಾಯಕಿಯೊಬ್ಬಳದೇ ಧ್ವನಿಸುರುಳಿ. ಒಂದು ಜನಾಂಗದ ವಿಷಯವಾಗಿ ಒಂದೇ ಕಥೆಯನ್ನು ಕೇಳುವುದರಿಂದ ಬರುವ ಅಪಾಯವೇ ಆ ಭಾಷಣದ ವಿಷಯವಾಗಿದ್ದಿತು.

೩. ಸಾಮಗ್ರಿ

ಮನೆಯಲ್ಲಿ ಮಾಡಿ ನೋಡಬೇಕೆನ್ನುವವರಿಗಾಗಿ ಸಾಮಗ್ರಿಯ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ತಳಕ್ಕೆ ದಪ್ಪ ರಟ್ಟು ಬೇಕು. ಎರಡು ಚಮಚ ಮೈದಾಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಒಂದು ಲೋಟ ಕುದಿಯುವ ನೀರಿಗೆ ಹೊಯ್ದು, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ, ಹೊಳಪು ಬಂದಾಗ ಇಳಿಸಿದರೆ ಒಳ್ಳೆಯ ಅಂಟಾಗುತ್ತದೆ. ಚಿಟಿಕೆ ಪಟಿಕದ ಪುಡಿಯನ್ನು ಸೇರಿಸಿದರೆ ಬೇಗನೆ ಕೆಡದು. ಹಿಂದೆ ಹುಳು ಬೀಳದಿರಲೆಂದು ಮೈಲುತುತ್ತವನ್ನು ಹಾಕುತ್ತಿದ್ದರು. ಅದು ವಿಷವಾದುದರಿಂದ ಮಕ್ಕಳ ಕೈಗೆ ಕೊಡತಕ್ಕದ್ದಲ್ಲ. ಬಟ್ಟೆಯ ಚೂರುಗಳಿಗೆ ಹುಣಿಸೆಬೀಜದ ಅಂಟು ಮೇಲು. ರೇಷ್ಮೆಗೆ ಅಂಟನ್ನು ಗಟ್ಟಿಯಾಗಿ, ಬಹು ತೆಳ್ಳಗೆ ಸವರಬೇಕು. ಇಲ್ಲವಾದರೆ ಕಲೆ ನಿಲ್ಲುತ್ತದೆ.

ಕಾಗದವು ನೆನೆದಾಗ ಹಿಗ್ಗುತ್ತದೆ. ಆದುದರಿಂದ ಅಂಟು ಸವರಿದ ಚೂರನ್ನು ಒಂದು ನಿಮಿಷ ಬಿಟ್ಟು ಅನಂತರ ಇಟ್ಟರೆ ಸುಕ್ಕು ಬೀಳದು. ರಟ್ಟಿನ ಹಿಂಬದಿಗೂ ಒಂದು ಕಾಗದವನ್ನು ಅಂಟಿಸಿದರೆ ಅದು ಬಾಗುವುದಿಲ್ಲ. ಕೆಲಸ ಮುಗಿದ ಮೇಲೆ ಹಳೆಯ ವೃತ್ತಪತ್ರಿಕೆಗಳ ನಡುವೆ ಇಟ್ಟು, ಮೇಲೆ ಭಾರವನ್ನು ಹೇರಿ, ಒಂದು ಹಗಲು ಒಂದು ರಾತ್ರಿ ಬಿಡಬೇಕು. ಎಲ್ಲಕ್ಕಿಂತ ಮುಖ್ಯವಾದ ನಿಯಮವು ಇದು: ಎಲ್ಲ ಚೂರುಗಳನ್ನೂ ಅಂಟಿಲ್ಲದೆ ಜೋಡಿಸಿ, ಒಂದು ದಿವಸ ನೋಡಿ, ಆಮೇಲೆ ಅಂಟಿಸತಕ್ಕದ್ದು.

೪. ಕ್ರಮ

ಮೇಲೆ ಹೇಳಿದ ಘಟನೆಯಾದ ಮೇಲೆ ನಾವು ಪಾಠದ ಕ್ರಮವನ್ನು ಹೀಗೆ ಬದಲಾಯಿಸಿದೆವು.

ಮೊದಲನೆಯದು: ನಾಡಿನ ಹೆಸರನ್ನು ಹೇಳಿ, ಐದು ನಿಮಿಷಗಳಲ್ಲಿ ಮನಸ್ಸಿಗೆ ಬಂದ ಐದು ಚಿತ್ರಗಳನ್ನು ಬರೆಯಿಸುವುದು. ಇದೇ ನಮ್ಮೊಳಗಿನ ಪಡಿಯಚ್ಚುಗಳ ಪಟ್ಟಿ. ಇದಕ್ಕಾಗಿ ಯಾರನ್ನೂ ಬೈಯಬಾರದು. ಎಲ್ಲರಲ್ಲಿಯೂ ಅದು ಇದ್ದೇ ಇರುತ್ತದೆ.

ಎರಡನೆಯದು: ಪ್ರತಿಯೊಂದು ಚಿತ್ರಕ್ಕೂ ಮೂರು ಪ್ರಶ್ನೆಗಳನ್ನು ಹಾಕುವುದು. ಇದನ್ನು ಯಾರು ಮಾಡಿದರು? ಇದು ಯಾವ ಕಾಲದಲ್ಲಿ, ಯಾರ ಪಾಲಿಗೆ ನಿಜ? ಇದರ ಹಿಂದೆ ಮುಚ್ಚಿಹೋದುದು ಏನು?

ಮೂರನೆಯದು: ಆ ನಾಡಿನವರ ದುಡಿಮೆಯಿಂದ ಒಂದು, ಅಡಿಗೆಮನೆಯಿಂದ ಒಂದು, ಅಕ್ಷರದಿಂದ ಒಂದು, ಅಲ್ಲಿಯ ಒಬ್ಬ ವ್ಯಕ್ತಿಯ ಬಾಳಿನಿಂದ ಒಂದು, ಹೀಗೆ ನಾಲ್ಕು ಹೊಸ ಚೂರುಗಳನ್ನು ಹುಡುಕಿ ತರುವುದು.

ನಾಲ್ಕನೆಯದು: ಹಳೆಯ ಚಿತ್ರವನ್ನು ಬಿಸಾಡದೆ, ಹೊಸ ಚೂರುಗಳ ನಡುವೆ ಅದಕ್ಕೆ ತಕ್ಕಷ್ಟೇ ಜಾಗವನ್ನು ಕೊಡುವುದು. ಹಾಲೆಂಡಿನಲ್ಲಿ ಗಾಳಿಗಿರಣಿಯುಂಟು, ಸುಳ್ಳಲ್ಲ. ಆದರೆ ಹಾಲೆಂಡೆಂದರೆ ಗಾಳಿಗಿರಣಿಯಲ್ಲ.

ದೊಡ್ಡ ಕಲಾವಿದರೂ ಈ ಕೆಲಸವನ್ನು ಮಾಡಿದ್ದಾರೆ. ಜರ್ಮನಿಯ ಹಾನ್ನಾ ಹೋಖ್ ಎಂಬಾಕೆ ೧೯೨೦ರ ದಶಕದಲ್ಲಿ, ವಸ್ತುಸಂಗ್ರಹಾಲಯದ ದೂರದೇಶದ ವಿಗ್ರಹಗಳ ಚಿತ್ರಗಳನ್ನು ತನ್ನ ಕಾಲದ ಯುರೋಪಿನ ಹೆಂಗಸರ ಚಿತ್ರಗಳೊಡನೆ ಕತ್ತರಿಸಿ ಬೆರೆಸಿದಳು. ವಿಚಿತ್ರವಾದವರು ಯಾರು, ನೋಡುವವರೋ ನೋಡಿಸಿಕೊಳ್ಳುವವರೋ ಎಂಬ ಪ್ರಶ್ನೆಯು ಆ ಚಿತ್ರಗಳಿಂದ ಏಳುತ್ತದೆ. ನಮ್ಮ ದೇಶದಲ್ಲಿ ೧೯೩೮ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ ಮಹಾತ್ಮಾ ಗಾಂಧಿಯವರ ಇಷ್ಟದಂತೆ ನಂದಲಾಲ ಬೋಸರು ಚಿತ್ರಫಲಕಗಳನ್ನು ಸಿದ್ಧಪಡಿಸಿದರು. ಅಲ್ಲಿ ರಾಷ್ಟ್ರವೆಂದರೆ ಅರಮನೆಯೂ ಅಲ್ಲ, ಸಿಂಹಾಸನವೂ ಅಲ್ಲ. ಡೋಲು ಬಡಿಯುವವನು, ಬಡಗಿ, ಹತ್ತಿ ಹಿಂಜುವವನು, ಮನೆಗೆಲಸದಲ್ಲಿರುವ ಹೆಂಗಸು, ಇವರೇ ರಾಷ್ಟ್ರ. ಅವು ಅಂಟುಚಿತ್ರಗಳಲ್ಲ, ಬಣ್ಣದ ಚಿತ್ರಗಳು. ಆದರೂ ನಾಡನ್ನು ಹೇಗೆ ಆರಿಸಿ ಜೋಡಿಸಬೇಕೆಂಬುದಕ್ಕೆ ನಮಗೆ ಅವೇ ಮೇಲ್ಪಂಕ್ತಿಯಾಗಿವೆ.

೫. ನಮ್ಮ ಜಿಲ್ಲೆಯ ಹಲಗೆ

ಪರದೇಶಕ್ಕೆ ಹೋಗುವ ಮೊದಲು ಮನೆಯನ್ನೇ ನೋಡೋಣವೆಂದು, ಚಾಮರಾಜನಗರ ಮತ್ತು ಗುಂಡ್ಲುಪೇಟೆಗಳ ಹಲಗೆಯನ್ನು ತರಗತಿಯೆಲ್ಲ ಸೇರಿ ಮಾಡಿತು. ಮಕ್ಕಳು ತಂದ ಚೂರುಗಳನ್ನು ನೋಡಿ ನಾವೇ ಬೆರಗಾದೆವು.

ಒಬ್ಬಳು ಕರಿಕಲ್ಲಿನ ಗಣಿಯಿಂದ ನುಣ್ಣನೆಯ ಕಲ್ಲಿನ ಬಿಲ್ಲೆಯನ್ನು ತಂದಳು. ಈ ಕಲ್ಲು ಹೊರದೇಶಗಳ ಕಟ್ಟಡಗಳಿಗೂ ಹೋಗುತ್ತದೆ. ಒಬ್ಬಳು ಅರಿಶಿನದ ಪುಡಿಯನ್ನು ಅಂಟಿನಲ್ಲಿ ಕಲಸಿ ಕಾಗದಕ್ಕೆ ಬಳಿದಳು. ಒಬ್ಬಳು ಕಂಸಾಳೆಯ ಬಟ್ಟಲಿಗೆ ಮಿಠಾಯಿಯ ಚಿನ್ನದ ಬಣ್ಣದ ಹಾಳೆಯನ್ನು ಗುಂಡಗೆ ಕತ್ತರಿಸಿದಳು. ಒಡೆಯರಪಾಳ್ಯದ ಟಿಬೆಟ್ ನಿರಾಶ್ರಿತರ ನೆಲೆಯಿಂದ ಟಿಬೆಟ್ ಅಕ್ಷರಗಳ ಒಂದು ಕಾಗದವು ಬಂದಿತು. ಗುಂಡ್ಲುಪೇಟೆಯಿಂದ ಒಂದು ರಸ್ತೆ ಊಟಿಗೂ ಇನ್ನೊಂದು ಸುಲ್ತಾನ್ ಬತ್ತೇರಿಗೂ ಹೋಗುವುದರಿಂದ, ತಮಿಳು ಮಲೆಯಾಳ ಅಕ್ಷರಗಳ ಬಸ್ಸಿನ ಚೀಟಿಗಳು ಬೇಕಾದಷ್ಟು ದೊರೆತವು. ಊರಿನ ಹಳೆಯ ಹೆಸರಾದ ಅರಿಕುಠಾರವನ್ನು ಒಂದು ಕಾಗದದಲ್ಲಿ ಬರೆದು, ಅದರ ಮೇಲೆ ಅರ್ಧ ಮುಚ್ಚುವಂತೆ ಚಾಮರಾಜನಗರವೆಂದು ಅಂಟಿಸಿದರು. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯವರ ಹೆಸರನ್ನು ಈ ಊರಿಗೆ ಇಟ್ಟುದೂ, ೧೯೯೭ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಇದು ಜಿಲ್ಲೆಯಾದುದೂ ಹೀಗೆ ಮಕ್ಕಳ ಬಾಯಿಗೆ ಬಂದಿತು.

ಗುಂಡ್ಲುಪೇಟೆಯ ಹೂವಿನ ಹೊಲದ ವಿಷಯದಲ್ಲಿ ಒಂದು ಚರ್ಚೆ ನಡೆಯಿತು. ಮಳೆಗಾಲದಲ್ಲಿ ಸೂರ್ಯಕಾಂತಿಯೂ ಚೆಂಡುಹೂವೂ ಅರಳಿದಾಗ, ಕೇರಳದಿಂದಲೂ ಬೆಂಗಳೂರಿನಿಂದಲೂ ಬಂದವರು ವಾಹನಗಳನ್ನು ನಿಲ್ಲಿಸಿ ಚಿತ್ರ ತೆಗೆದುಕೊಳ್ಳುವುದನ್ನು ಎಲ್ಲರೂ ಕಂಡಿದ್ದೇವೆ. ಹಲವರು ಅಂಥ ಚಿತ್ರವನ್ನೇ ಹಲಗೆಯ ನಡುವೆ ಇಡೋಣವೆಂದರು. ಆಗ ಚೆಂಡುಹೂವು ಬೆಳೆಯುವವರ ಮನೆಯ ಹುಡುಗಿಯೊಬ್ಬಳು, “ಅದರಲ್ಲಿ ನಮ್ಮಮ್ಮ ಇಲ್ಲವಲ್ಲ” ಎಂದಳು. ಅವಳ ತಾಯಿ ಬೆಳಗ್ಗೆ ಎದ್ದು ಹೂ ಬಿಡಿಸುತ್ತಾಳೆ. ಹೂವು ಮೂಟೆಯಾಗಿ ಓಣಂ ಹಬ್ಬದ ಸಂತೆಗೂ, ಬಣ್ಣದ ಸತ್ವವನ್ನು ತೆಗೆಯುವ ಕಾರ್ಖಾನೆಗೂ ಹೋಗುತ್ತದೆ. ಬೆಲೆ ಬಿದ್ದ ವರ್ಷ ಮನೆಯಲ್ಲಿ ಮಾತಿಲ್ಲ. ಕೊನೆಗೆ ಹೂವಿನ ಚಿತ್ರದ ಅಂಚಿಗೆ ಗೋಣಿಯ ತುಂಡನ್ನೂ, ತೂಕದ ಚೀಟಿಯನ್ನೂ, ಹಳದಿ ಕಲೆಯಾದ ಸೀರೆಯ ಸೆರಗಿನ ಚೂರನ್ನೂ ಅಂಟಿಸಿದರು. ಹೊಗಳಿಕೆಯೂ ಪಡಿಯಚ್ಚಾಗಬಲ್ಲುದೆಂಬುದನ್ನು ನಾವು ಅಂದು ಕಲಿತೆವು.

ಸೋಲಿಗರ ಹುಡುಗಿಯೊಬ್ಬಳು, ತಮ್ಮ ಜನರೆಂದರೆ ಎಲೆಯುಟ್ಟು ಬಿಲ್ಲು ಹಿಡಿದವರ ಚಿತ್ರವನ್ನು ಹಾಕುವುದು ಬೇಡವೆಂದು ಕೇಳಿಕೊಂಡಳು. ಅದರ ಸ್ಥಳದಲ್ಲಿ ಜೇನಿನ ಶೀಸೆಯ ಚೀಟಿಯನ್ನೂ, ಮನೆಯ ಹಕ್ಕುಪತ್ರದ ನಮೂನೆಯೊಂದನ್ನೂ ತಂದು ಅಂಟಿಸಿದಳು. ೨೦೧೧ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯದ ಅರಣ್ಯಹಕ್ಕುಗಳು ದೊರೆತುದನ್ನು ಅವಳಿಂದಲೇ ತರಗತಿಯು ತಿಳಿದುಕೊಂಡಿತು.

ಹುಲಿಯನ್ನು ಏನು ಮಾಡಬೇಕು? ೧೯೭೩ರಲ್ಲಿ ಹುಲಿ ಯೋಜನೆ ಆರಂಭವಾದಾಗ ಮೊದಲು ಆರಿಸಿದ ಕಾಡುಗಳಲ್ಲಿ ಬಂಡೀಪುರವೂ ಒಂದು, ಹುಲಿಯನ್ನು ಬಿಡುವಂತಿಲ್ಲ. ಆದರೆ ಕಾಡಿನಲ್ಲಿ ಅಡಗಿಸಿಟ್ಟ ಕ್ಯಾಮರಾಗಳಿಂದ ಹುಲಿಗಳನ್ನು ಎಣಿಸುವವರು, ಒಂದು ಹುಲಿಯ ಪಟ್ಟೆಯಂತೆ ಇನ್ನೊಂದರ ಪಟ್ಟೆಯಿಲ್ಲವೆಂಬುದರಿಂದಲೇ ಒಂದೊಂದನ್ನೂ ಗುರುತಿಸುತ್ತಾರೆ. ಹುಲಿಗೆ ಹುಲಿಯನ್ನು ಬೇರೆಯಾಗಿ ಕಾಣುವ ನಾವು, ಒಂದು ಜಿಲ್ಲೆಯ ಲಕ್ಷಾಂತರ ಜನರನ್ನು ಒಂದೇ ನಿಂಬೆಹಣ್ಣಿನಲ್ಲಿ ಎಣಿಸುವುದು ನ್ಯಾಯವೇ? ಮಕ್ಕಳು ಪಟ್ಟೆಗಳು ಬೇರೆಬೇರೆಯಾದ ಮೂರು ಹುಲಿಗಳನ್ನು ಕತ್ತರಿಸಿ, ಬಾಯಿ ಮುಚ್ಚಿಸಿ, ಹಲಗೆಯ ಮೂಲೆಯಲ್ಲಿ ಮಲಗಿಸಿದರು.

ಉಳಿದುದು ನಿಂಬೆಹಣ್ಣು. ಅದನ್ನು ಬಿಟ್ಟುಬಿಡೋಣವೆಂದು ನಾವು ಹೇಳಿದೆವು. ಕೊಳ್ಳೇಗಾಲದ ಕಡೆಯ ಆ ಹುಡುಗಿ ಒಪ್ಪಲಿಲ್ಲ. ಹಳದಿ ಕಾಗದದಿಂದ ಹತ್ತಾರು ನಿಂಬೆಹಣ್ಣುಗಳನ್ನು ಕತ್ತರಿಸಿ, ತನ್ನ ಮನೆಯ ಉಪ್ಪಿನಕಾಯಿಯ ಭರಣಿಯ ಆಕಾರವನ್ನು ಮಾಡಿ, ಅದರೊಳಗೆ ತುಂಬಿದಳು. ಭರಣಿಯ ಬಾಯಿಗೆ ಕಟ್ಟಿದುದು ಕೊಳ್ಳೇಗಾಲದ ಮಗ್ಗದಲ್ಲಿ ನೇಯ್ದ ರೇಷ್ಮೆಯ ಚೂರು. ಅವಳು ಮತ್ತೆ ನಕ್ಕುದನ್ನು ನಾವು ಅಂದು ಕಂಡೆವು.

೬. ಗೋಡೆಯ ಹಾಳೆಗಳು

ಅನಂತರ ಗೋಡೆಯ ಮೇಲಿನ ಹಾಳೆಗಳನ್ನು ಇಳಿಸಿದೆವು. ಆಫ್ರಿಕವು ಒಂದು ನಾಡಲ್ಲ, ಐವತ್ತನಾಲ್ಕು ಸ್ವತಂತ್ರ ರಾಷ್ಟ್ರಗಳಿರುವ ಖಂಡವೆಂಬುದನ್ನು ಭೂಪಟದಲ್ಲಿ ಎಣಿಸಿದೆವು. ಆ ಹಾಳೆಯನ್ನು ಮಾಡಿದವಳು ಅವುಗಳಲ್ಲಿ ಕೀನ್ಯವೊಂದನ್ನೇ ಆರಿಸಿಕೊಂಡಳು. ದುಡಿಮೆಗೆ ಚಹಾದ ಎಲೆ, ಏಕೆಂದರೆ ನಮ್ಮ ನೀಲಗಿರಿಯಂತೆ ಅಲ್ಲಿಯೂ ಚಹಾದ ತೋಟಗಳುಂಟು. ವ್ಯಕ್ತಿಗೆ ವಂಗಾರಿ ಮಾಥಾಯಿ. ಹಳ್ಳಿಯ ಹೆಂಗಸರಿಂದ ಗಿಡಗಳನ್ನು ನೆಡಿಸಿ, ೨೦೦೪ರಲ್ಲಿ ನೊಬೆಲ್ ಶಾಂತಿ ಪಾರಿತೋಷಕವನ್ನು ಪಡೆದಾಕೆ. ಅಡಿಗೆಮನೆಗೆ ಚಪಾತಿ, ಅಲ್ಲಿಯೂ ಅದಕ್ಕೆ ಚಪಾತಿಯೆಂದೇ ಹೆಸರೆಂದು ತಿಳಿದು ಮಕ್ಕಳು ಚಪ್ಪಾಳೆ ತಟ್ಟಿದರು. ಪೂರ್ವ ಆಫ್ರಿಕದ ಹೆಂಗಸರು ಉಡುವ ಕಾಂಗಾ ಎಂಬ ಬಟ್ಟೆಯಲ್ಲಿ ಅಗಲವಾದ ಅಂಚೂ, ಅಂಚಿನ ಮೇಲುಗಡೆ ಸ್ವಾಹಿಲಿ ಭಾಷೆಯ ಒಂದು ಗಾದೆಯೂ ಅಚ್ಚಾಗಿರುತ್ತವೆ. ಅವಳು ಹಲಗೆಗೆ ಕಾಂಗಾದ ಅಂಚನ್ನೇ ಕಟ್ಟಿ, ಗಾದೆಯ ಸ್ಥಳದಲ್ಲಿ ನಮ್ಮದೇ ಮಾತನ್ನು ಬರೆದಳು: ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಸಿಂಹವು ಉಳಿಯಿತು, ಬೆಂಕಿಪೆಟ್ಟಿಗೆಯಷ್ಟು ಚಿಕ್ಕದಾಗಿ.

ಹಳೆಯ ಚಿತ್ರವೂ ಬಲ್ಲವರ ಕೈಗೆ ಬಂದರೆ ಹೇಗೆ ಸತ್ಯವಾಗುತ್ತದೆಂಬುದಕ್ಕೆ ನೆರೆಯಲ್ಲಿಯೇ ಒಂದು ನಿದರ್ಶನವುಂಟು. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡನ್ನು ದಾಟಿದರೆ ಸಿಗುವ ಗ‌ೂಡಲೂರಿನ ಕಡೆಯ ಕಾಡಿನ ಜನರು, ಲಂಟಾನವೆಂಬ ಪರದೇಶದ ಕಳೆಯ ಕಡ್ಡಿಗಳಿಂದ ನಿಜವಾದ ಆನೆಯಷ್ಟೇ ದೊಡ್ಡ ಆನೆಗಳನ್ನು ಹೆಣೆಯುತ್ತಾರೆ. ೨೦೨೧ರಲ್ಲಿ ಆ ಆನೆಗಳ ಹಿಂಡು ಲಂಡನ್ ನಗರದ ಉದ್ಯಾನಗಳಲ್ಲಿ ನಿಂತಿತು. ಆನೆಯು ಭಾರತದ ವಿಷಯದಲ್ಲಿ ಎಷ್ಟು ಹಳೆಯ ಪಡಿಯಚ್ಚು! ಆದರೆ ಇವು ಅಚ್ಚಿನಿಂದ ಬಂದವಲ್ಲ. ಅವರು ದಿನವೂ ನೆರೆಯಲ್ಲಿ ಕಾಣುವ ನಿಜವಾದ ಆನೆಗಳನ್ನು ನೋಡಿ, ಒಂದೊಂದರ ಮೈಕಟ್ಟನ್ನು ತಿಳಿದು ಮಾಡಿದವು.

೭. ಕಡೆಯ ಮಾತು

ಶಾಲಾ ದಿನದಂದು ನಮ್ಮ ಜಿಲ್ಲೆಯ ಹಲಗೆಯನ್ನು ಬಾಗಿಲಿನ ಎದುರಿಗೇ ಇಟ್ಟಿದ್ದೆವು. ಕೊಳ್ಳೇಗಾಲದ ಹುಡುಗಿಯ ತಾಯಿ ಅದನ್ನು ಬಹಳ ಹೊತ್ತು ನೋಡಿ, “ಇದು ನಮ್ಮನೆ ಭರಣಿ ಅಲ್ವೇನೇ?” ಎಂದು ಮಗಳನ್ನು ಕೇಳಿದರು. ಆ ಪ್ರದರ್ಶನದಲ್ಲಿ ಚಿತ್ರವನ್ನು ಮಾಡಿದ್ದ ಶಾಲೆಯ ಮಕ್ಕಳಿಗೆ ನಮ್ಮ ಮಕ್ಕಳೇ ಒಂದು ಕಾಗದವನ್ನು ಬರೆದು, ಒಮ್ಮೆ ಬಂದು ಹೋಗಬೇಕೆಂದು ಕರೆದಿದ್ದಾರೆ. ಆ ಕಾಗದದಲ್ಲಿ ಕೋಪದ ಮಾತು ಒಂದೂ ಇಲ್ಲವೆಂಬುದನ್ನು ಸಂತೋಷದಿಂದ ತಿಳಿಸುತ್ತೇವೆ. ತಾವೂ ಅದೇ ತಪ್ಪನ್ನು ಮಾಡಿದ್ದೆವೆಂಬುದನ್ನು ಅವರು ಮೊದಲನೆಯ ಸಾಲಿನಲ್ಲಿಯೇ ಒಪ್ಪಿಕೊಂಡಿದ್ದಾರೆ.

ತಂದೆತಾಯಿಗಳಲ್ಲಿ ನಮ್ಮ ಬಿನ್ನಹವೇನೆಂದರೆ, ಮಕ್ಕಳು ಮನೆಗೆ ಇಂಥ ಕೆಲಸವನ್ನು ತಂದಾಗ ಅಂಗಡಿಯ ಚಿತ್ರಪಟವನ್ನು ಕೊಡಿಸುವ ಮೊದಲು, ಅವರೊಡನೆ ಅರ್ಧ ಗಳಿಗೆ ಕುಳಿತು ಆ ನಾಡಿನವರು ಏನು ಉಣ್ಣುತ್ತಾರೆ, ಯಾವ ಕೆಲಸವನ್ನು ಮಾಡುತ್ತಾರೆ ಎಂದು ವಿಚಾರಿಸಬೇಕು. ಹಳೆಯ ವಿದ್ಯಾರ್ಥಿನಿಯರಲ್ಲಿ ಹಲವರು ಈಗ ದೂರದ ಊರುಗಳಲ್ಲಿಯೂ ಹೊರದೇಶಗಳಲ್ಲಿಯೂ ಸಂಸಾರ ಹೂಡಿದ್ದಾರೆ. ತಾವಿರುವ ಸ್ಥಳದ ಒಂದು ಬಸ್ಸಿನ ಚೀಟಿ, ಒಂದು ದಿನಸಿ ಪೊಟ್ಟಣದ ಹೊದಿಕೆ, ಅಲ್ಲಿಯ ಅಕ್ಷರಗಳ ಒಂದು ವೃತ್ತಪತ್ರಿಕೆಯ ಹಾಳೆ, ಅಲ್ಲಿ ತಾವು ಮೊದಲು ತಪ್ಪಾಗಿ ತಿಳಿದಿದ್ದ ಒಂದು ವಿಷಯವನ್ನು ಕುರಿತು ನಾಲ್ಕು ಸಾಲು, ಇಷ್ಟನ್ನು ಲಕೋಟೆಯಲ್ಲಿಟ್ಟು ಕೈಕೆಲಸದ ತರಗತಿಗೆ ಕಳುಹಿಸಿಕೊಟ್ಟರೆ ಮಹೋಪಕಾರವಾಗುವುದು. ಮಕ್ಕಳು ಕತ್ತರಿಯನ್ನು ಸಿದ್ಧಮಾಡಿಟ್ಟುಕೊಂಡಿದ್ದಾರೆ.